ನೆಟ್ಟಕ್ಕ ಆರಿಸಿದ ಬಿಳಿ ರೇಡಿಯೋ

ಅವಳ ನಿಜವಾದ ಹೆಸರು ಕರೆಂಟು ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಊರಿಗೆಲ್ಲ ಅವಳು ನೆಟ್ಟಕ್ಕ. ಮೊದಮೊದಲು ‘ನೆಟ್ ಕೊಡೋ ಅಕ್ಕ’ ಎನ್ನುತ್ತಿದ್ದರು. ಅದು ಬಾಯಿಂದ ಬಾಯಿಗೆ ಉರುಳಿ, ಸವೆದು, ನೆಟ್ಟಕ್ಕ ಆಯಿತು. ಮಾತೂ ನೆಟ್ಟಗೆ, ನಡೆಯೂ ನೆಟ್ಟಗೆ, ಹೆಸರು ಸರಿಯಾಗೇ ಇದೆ ಎಂದು ಜನ ನಗುತ್ತಿದ್ದರು. ಮುಂದೊಂದು ದಿನ ಆ ಹೆಸರು ಅವಳ ಕಿವಿಗೇ ಮುಳ್ಳಾಗುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ಮೊದಲು ಅವಳು ಟೆಲಿಫೋನ್ ಕಚೇರಿಯಲ್ಲಿ ದೂರು ಕೇಳುವ ಮೇಜಿನ ಹಿಂದೆ ಕೂರುತ್ತಿದ್ದಳು. ಕಣಿವೆಯಾಚೆಯ ಮನೆಗಳವರದು ಒಂದೇ ದೂರು: “ನಮ್ಮ ಕಡೆಗೆ ಯಾವಾಗಮ್ಮ ಲೈನ್ ಎಳೀತೀರಿ?” ಉತ್ತರ ಕೊಡಲಾಗದೆಯೇ ಕಚೇರಿ ಮುಚ್ಚಿಹೋಯಿತು. ಕೆಲಸ ಹೋದರೂ ಪ್ರಶ್ನೆ ಅವಳ ತಲೆಯಿಂದ ಹೋಗಲಿಲ್ಲ. ತಂತಿ ಎಳೆಯಲಾಗದ ಕಡೆಗೆ ಗಾಳಿಯಲ್ಲೇ ಇಂಟರ್ನೆಟ್ ಕಳಿಸಬಹುದು ಎಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡು, ಓದಿ, ಕೇಳಿ, ಕೈ ಸುಟ್ಟುಕೊಂಡು ಕಲಿತಳು. ಊರಿನ ನೀರಿನ ಟ್ಯಾಂಕಿನ ಮೇಲೆ ಸಂಕೇತ ಕಳಿಸಿ ಪಡೆಯುವ ಒಂದು ರೇಡಿಯೋ, ಕಣಿವೆಯಾಚೆ ಧಾನ್ಯದ ಗೋದಾಮಿನ ಮೇಲೆ ಅದಕ್ಕೆ ಎದುರಾಗಿ ಇನ್ನೊಂದು. ಗೋದಾಮಿನಿಂದ ಮನೆಮನೆಯ ಚಾವಣಿಗೆ ಪುಟ್ಟ ಪುಟ್ಟ ಡಬ್ಬಿಗಳು. ಮನೆಯ ಮುಂದಿನ ಕೋಣೆಯೇ ಕಚೇರಿ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ರೇಡಿಯೋ ರೇಡಿಯೋಗಳ ನಡುವಿನ ಒಂದೊಂದು ಲಿಂಕಿಗೂ ಒಂದೊಂದು ಹಸಿರು ಚುಕ್ಕೆ. ಚುಕ್ಕೆ ಕೆಂಪಾದರೆ ಅವಳ ಮುಖವೂ ಕೆಂಪಾಗುತ್ತಿತ್ತು.

ಗಂಡ ಹಾಲಿನ ಟ್ಯಾಂಕರ್ ಓಡಿಸುವವನು. ಇವತ್ತು ಮನೆಯಲ್ಲಿದ್ದರೆ ನಾಳೆ ಎಲ್ಲೋ. ಹಾಗಾಗಿ ಕೆಲಸದಲ್ಲಿ ಅವಳ ಬಲಗೈ ಎಂದರೆ ಮೈದುನ. ಚಿಕ್ಕಂದಿನಿಂದ ಕಂಬ, ಗೋಡೆ, ಮರ ಯಾವುದನ್ನೂ ಬಿಟ್ಟವನಲ್ಲವಾದ್ದರಿಂದ ಮನೆಯಲ್ಲೂ ಹೊರಗೂ ಅವನನ್ನು ಅಳಿಲು ಎಂದೇ ಕರೆಯುತ್ತಿದ್ದರು. ಅವಳು ಕೆಳಗೆ ಕೂತು ಲೆಕ್ಕ ಹಾಕುವುದು, ಅವನು ಮೇಲೆ ಹತ್ತಿ ತಿರುಗಿಸುವುದು. “ತಲೆ ಅತ್ತಿಗೇದು, ಕೈಕಾಲು ನಂದು. ನಾವಿಬ್ರೂ ಸೇರಿದ್ರೆ ಒಬ್ಬ ಇಂಜಿನಿಯರ್” ಎನ್ನುತ್ತಿದ್ದ ಅವನು. ಅತ್ತೆ ಇಬ್ಬರಿಗೂ ಚಹಾ ಮಾಡಿಕೊಟ್ಟು, “ಬೆಳಗ್ಗೆಯಿಂದ ಸಂಜೆವರೆಗೆ ಗಾಳಿ ಮಾರ್ತಾರೆ, ಅದನ್ನ ಕೊಳ್ಳೋರೂ ಇದ್ದಾರಲ್ಲ!” ಎಂದು ಬೆರಗಾಗುತ್ತಿದ್ದರು.

ವರ್ಷಗಳು ಕಳೆದಂತೆ ಟ್ಯಾಂಕಿನ ಮೇಲಿನ ಹಳೆಯ ರೇಡಿಯೋ ಸುಸ್ತಾಗತೊಡಗಿತು. ಸಂಜೆಯಾದರೆ ಎಲ್ಲರೂ ಒಟ್ಟಿಗೆ ಸಿನಿಮಾ ಹಾಕಿಕೊಳ್ಳುತ್ತಿದ್ದರು, ಲಿಂಕ್ ಏದುಸಿರು ಬಿಡುತ್ತಿತ್ತು. ಇದು ಅವಳೊಬ್ಬಳ ಪಾಡೂ ಅಲ್ಲ. ಸುತ್ತಲಿನ ಊರುಗಳಲ್ಲಿ ಅವಳಂತೆಯೇ ಸಣ್ಣದಾಗಿ ಇಂಟರ್ನೆಟ್ ಕೊಡುವ ಕೆಲವರಿದ್ದರು. ಆಗಾಗ ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರಿ ಕಷ್ಟಸುಖ ಮಾತಾಡಿಕೊಳ್ಳುತ್ತಿದ್ದರು. ಎಲ್ಲರಿಗೂ ಹೊಸ ರೇಡಿಯೋ ಬೇಕಿತ್ತು. ಯಾವುದು ಒಳ್ಳೆಯದು ಎಂದು ಯಾರಿಗೂ ಗೊತ್ತಿರಲಿಲ್ಲ. ಮಾರುವವರ ಮಾತು ನಂಬುವ ಹಾಗಿಲ್ಲ. ಕೊನೆಗೆ ಎಲ್ಲರೂ ನೆಟ್ಟಕ್ಕನ ಕಡೆ ತಿರುಗಿದರು. ಕೆರೆದಡದ ಊರಲ್ಲಿ ನೆಟ್ ಕೊಡುತ್ತಿದ್ದ ಒಬ್ಬರು ಹಿರಿಯರಿದ್ದರು. ಹಿಂದೆ ಗಡಿಯಾರ ರಿಪೇರಿ ಮಾಡುತ್ತಿದ್ದುದರಿಂದ ಈಗಲೂ ಅವರು ಗಡಿಯಾರದವರೇ. ಅವರೇ ಹೇಳಿದರು: “ಎರಡು ಥರದ್ದು ತರಿಸ್ತೀವಿ. ನೀವು ಹಾಕಿ ನೋಡಿ ಹೇಳಿ. ನೀವು ಹೇಳಿದ್ರೆ ಮುಗೀತು.”

ಆ ಮಾತಿಗೆ ಅವಳ ಎದೆ ಉಬ್ಬಿತು.

ಪೆಟ್ಟಿಗೆಗಳು ಬಂದವು. ಒಂದು ಬಿಳಿಯದು, ಊಟದ ತಟ್ಟೆಯಂಥ ನುಣುಪಾದ ಡಿಶ್. ಇನ್ನೊಂದು ಬೂದುಬಣ್ಣದ್ದು, ಟ್ರಂಕಿನ ಮರಿಯ ಹಾಗೆ ಚೌಕ, ಎತ್ತಿದರೆ ಕೈ ಜಗ್ಗುವಷ್ಟು ಭಾರ. ತಂದುಕೊಟ್ಟ ವ್ಯಾಪಾರಿ ಚಹಾ ಕುಡಿಯುವಷ್ಟು ಹೊತ್ತೂ ಅಳಿಲಿನ ಜೊತೆಗೇ ಮಾತಾಡಿದ. ಅವಳು ಪ್ರಶ್ನೆ ಕೇಳಿದರೂ ಉತ್ತರ ಅವನಿಗೆ. ಹೊರಡುವಾಗ ದನಿ ತಗ್ಗಿಸಿ, “ಮೇಡಂ ಬರೀ ಸ್ಪೀಡ್ ನೋಡ್ತಾರೆ ಅಷ್ಟೇ. ನೀವು ಹತ್ತೋರು, ನಿಮಗೆ ಗೊತ್ತಾಗುತ್ತೆ. ಬೂದುಬಣ್ಣದ್ದೇ ಗಟ್ಟಿ” ಎಂದ. ತಗ್ಗಿಸಿದ ದನಿಯೂ ಅವಳಿಗೆ ಕೇಳಿಸಿತು. ಬೂದುಬಣ್ಣದ್ದರ ಮೇಲೆ ಅವಳಿಗೆ ಮುನಿಸು ಹುಟ್ಟಿದ್ದು ಅಲ್ಲಿಂದ. ಆದರೆ ಅದನ್ನು ಅವಳು ತನಗೆ ತಾನೇ ಒಪ್ಪಿಕೊಂಡದ್ದು ಬಹಳ ತಡವಾಗಿ.

ಪರೀಕ್ಷೆ ಮಾತ್ರ ಶ್ರದ್ಧೆಯಿಂದಲೇ ನಡೆಯಿತು. ಎರಡನ್ನೂ ಅದೇ ಟ್ಯಾಂಕಿನ ಅದೇ ಕಂಬಕ್ಕೆ ಸರದಿಯ ಮೇಲೆ ಕಟ್ಟಿಸಿ, ಅದೇ ಗೋದಾಮಿನ ಕಡೆಗೆ ತಿರುಗಿಸಿ ನೋಡಿದಳು. ಒಂದೇ ಫೈಲನ್ನು ಎರಡರಲ್ಲೂ ಕಳಿಸಿ ಎಷ್ಟು ಬೇಗ ಹೋಗುತ್ತದೆಂದು ಅಳೆದಳು. ಸಂಜೆಯ ನೂಕುನುಗ್ಗಲಲ್ಲಿ ಯಾವುದು ತಡೆಯುತ್ತದೆ, ಕರೆಂಟು ಹೋದಾಗ ಬ್ಯಾಟರಿಯನ್ನು ಯಾವುದು ಹೆಚ್ಚು ತಿನ್ನುತ್ತದೆ, ಅಕ್ಕಪಕ್ಕದ ಬೇರೆ ರೇಡಿಯೋಗಳ ಗಲಾಟೆಗೆ ಯಾವುದು ತಬ್ಬಿಬ್ಬಾಗುತ್ತದೆ, ಎಲ್ಲ ನೋಡಿದಳು. ಬಿಳಿಯದು ಎಲ್ಲದರಲ್ಲೂ ಮುಂದು. ಅದು ಕಿರಣವನ್ನು ಸೂಜಿಮೊನೆಯ ಹಾಗೆ ಕಿರಿದಾಗಿ ಬಿಡುತ್ತಿತ್ತು. ಆ ವೇಗ ಬಂದದ್ದೂ ಅದರಿಂದಲೇ. ಬೂದುಬಣ್ಣದ್ದು ಟಾರ್ಚಿನ ಬೆಳಕಿನಂತೆ ಅಗಲಕ್ಕೆ ಚೆಲ್ಲುತ್ತಿತ್ತು. ವೇಗ ಅರ್ಧವೂ ಇಲ್ಲ.

ಅಳಿಲಿಗೆ ಸಮಾಧಾನವಿರಲಿಲ್ಲ. “ಅತ್ತಿಗೆ, ಇದನ್ನ ಗುರಿಗೆ ಕೂರಿಸೋಕೆ ನಾನು ಮೇಲೆ ಎಷ್ಟು ಒದ್ದಾಡ್ದೆ ಗೊತ್ತಾ? ಒಂದು ಕೂದಲೆಳೆ ಆಚೆ ಹೋದ್ರೂ ಲಿಂಕ್ ಇಲ್ಲ. ಈಗ ಎಲೆ ಅಲ್ಲಾಡ್ದಂಥ ದಿನಗಳು. ಗಾಳಿಗಾಲ ಬರ್ಲಿ, ಆಗ್ಲೂ ನೋಡಿ ಆಮೇಲೆ ಹೇಳಿ.”

“ಅಷ್ಟು ದಿನ ಯಾರು ಕಾಯ್ತಾರೋ? ಅಲ್ಲಿ ಪೇಟೆ ಕಂಪನಿಯೋರು ಕೇಬಲ್ ಹಿಡ್ಕೊಂಡು ಊರ ಬಾಗಿಲಿಗೆ ಬಂದು ನಿಂತಿದ್ದಾರೆ. ಅವರ ಬೋರ್ಡ್ ನೋಡಿದ್ಯಾ, ಸ್ಪೀಡಿಂದು ಎಷ್ಟು ದೊಡ್ಡ ನಂಬರ್ ಹಾಕಿದ್ದಾರೆ?”

“ಬೆಳ್ಳಗಿರೋದೆಲ್ಲ ಹಾಲಲ್ಲ ಅತ್ತಿಗೆ. ಹಾಲಿನ ಟ್ಯಾಂಕರ್ ಮನೆಯವರು, ನಿಮಗೆ ನಾನು ಹೇಳ್ಬೇಕಾ?”

ಅವಳು ನಕ್ಕಳು. ನಕ್ಕು ಸುಮ್ಮನಾದಳು, ಬದಲಾಗಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಟ ಅವಳಿಗೆ ಮೊದಲಿನಿಂದಲೂ ಇತ್ತು. ಆ ಹಟವೇ ಅವಳನ್ನು ಇಷ್ಟು ದೂರ ತಂದದ್ದು ಎಂದು ಅವಳು ನಂಬಿದ್ದಳು. ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರಗಳನ್ನು ಬಿಟ್ಟು, ಒಂದೊಂದು ಅಂಶವನ್ನೂ ಬಿಡಿಸಿ ಹೇಳಿ, ಕೊನೆಯಲ್ಲಿ “ಬಿಳಿಯದೇ” ಎಂದಳು. ಗಾಳಿಯ ವಿಷಯ ಎತ್ತಲಿಲ್ಲ. ಯಾರೂ ಕೇಳಲಿಲ್ಲ. ಗಡಿಯಾರದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬಿಳಿ ರೇಡಿಯೋ ಟ್ಯಾಂಕಿನ ಮೇಲೇರಿತು. ಮೊದಲ ವಾರಗಳಲ್ಲಿ ಊರಿಗೆ ಊರೇ ಹೊಗಳಿತು. ಕಣಿವೆಯಾಚೆಯ ಶಾಲೆಯ ಮೇಷ್ಟ್ರು ಫೋನ್ ಮಾಡಿ, “ಏನಮ್ಮಾ, ನೆಟ್ಟಿಗೆ ರೆಕ್ಕೆ ಬಂದಿದೆ” ಎಂದರು.

ಆಮೇಲೆ ಗಾಳಿ ಬಂತು.

ಗಾಳಿ ಬೀಸಿದಾಗ ಟ್ಯಾಂಕಿನ ಮೇಲಿನ ಕಬ್ಬಿಣದ ಕಂಬ ಕಣ್ಣಿಗೆ ಕಾಣದಷ್ಟು ಅಲುಗುತ್ತಿತ್ತು. ಅಷ್ಟು ಸಾಕಾಗಿತ್ತು. ಸೂಜಿಮೊನೆ ಗೋದಾಮನ್ನು ಬಿಟ್ಟು ಪಕ್ಕದ ಆಕಾಶವನ್ನು ಚುಚ್ಚುತ್ತಿತ್ತು, ಚುಕ್ಕೆ ಕೆಂಪಾಗುತ್ತಿತ್ತು. ಅಳಿಲು ಹತ್ತುತ್ತಿದ್ದ, ಕೂದಲೆಳೆಯಷ್ಟು ತಿರುಗಿಸುತ್ತಿದ್ದ, ನಟ್ಟು ಬಿಗಿಯುತ್ತಿದ್ದ, ಇಳಿಯುತ್ತಿದ್ದ. ಮತ್ತೆ ಗಾಳಿ, ಮತ್ತೆ ಕೆಂಪು. ಹಳೆಯ ರೇಡಿಯೋ ಇದ್ದಾಗ ಯಾವಾಗಲೋ ಒಮ್ಮೆ ಹತ್ತುತ್ತಿದ್ದವನು ಈಗ ಬೆಳಗ್ಗೆ ಹತ್ತಿದ್ದರೆ ಮಧ್ಯಾಹ್ನವೂ ಹತ್ತಬೇಕಾಗುತ್ತಿತ್ತು. “ಟ್ಯಾಂಕ್ ಮೇಲೇ ಹಾಸಿಗೆ ಹಾಕ್ಕೊಡಿ ಅತ್ತಿಗೆ” ಎಂದು ತಮಾಷೆ ಮಾಡುತ್ತಿದ್ದ. ಅವಳು ಇನ್ನೂ ಗಟ್ಟಿ ಕ್ಲಾಂಪು ತರಿಸಿದಳು, ಕಂಬಕ್ಕೆ ಆಸರೆ ಕೊಡಿಸಿದಳು. ತಪ್ಪು ಆಯ್ಕೆ ಮಾಡಿದೆ ಎಂಬ ಮಾತನ್ನು ಮಾತ್ರ ಬಾಯಿಗೆ ತರಲಿಲ್ಲ.

ಒಂದು ಮಧ್ಯಾಹ್ನ ಚುಕ್ಕೆ ಕೆಂಪಾಯಿತು. ಫೋನುಗಳು ಶುರುವಾದವು. ಅಳಿಲು ಟ್ಯಾಂಕಿನ ಬುಡದಿಂದಲೇ ಕರೆ ಮಾಡಿದ.

“ಅತ್ತಿಗೆ, ಗಾಳಿ ಜೋರಿದೆ. ಸಂಜೆ ಹೊತ್ತಿಗೆ ಇಳಿಯುತ್ತೆ. ಆಮೇಲೆ ಹತ್ತಲಾ?”

“ಐದು ನಿಮಿಷದ ಕೆಲಸ ಅಲ್ವೇನೋ? ಇಲ್ಲಿ ಫೋನ್ ಮೇಲೆ ಫೋನು. ಬೇಗ ತಿರುಗಿಸಿ ಇಳಿದುಬಿಡು.”

ಅವನು “ಆಯ್ತು” ಎಂದ.

ಅವಳು ಪರದೆಯ ಮುಂದೆ ಕೂತಳು. ಕಿವಿಯಲ್ಲಿ ಫೋನಿತ್ತು, ಅದರೊಳಗೆ ಗಾಳಿಯ ಭೋರ್ಗರೆತ. ಸಂಕೇತದ ಅಂಕಿ ಏರತೊಡಗಿತು. ಇನ್ನೂ ಏರಿತು. ಚುಕ್ಕೆ ಹಸಿರಾಯಿತು. “ಬಂತು ಬಂತು! ಭಲೇ! ಸಾಕು, ಇಳಿ” ಎಂದು ಕೂಗಿದಳು. ಆ ಕಡೆಯಿಂದ ಉತ್ತರವಿಲ್ಲ. ಗಾಳಿಯ ಸದ್ದೂ ನಿಂತಿತ್ತು. ಫೋನ್ ಕಟ್ಟಾಗಿರಬೇಕು ಎಂದುಕೊಂಡು ದೂರು ಹೇಳಿದವರಿಗೆ ಒಬ್ಬೊಬ್ಬರಿಗೇ ಕರೆ ಮಾಡಿ, “ಸರಿ ಆಯ್ತು ನೋಡಿ” ಎಂದು ಹೇಳುತ್ತ ಕೂತಳು. ಅಷ್ಟರಲ್ಲಿ ಟ್ಯಾಂಕಿನಿಂದ ಊರಿಗೆ ನೀರು ಬಿಡುವವನ ಕರೆ ಬಂತು. ಅವನು ಏದುಸಿರು ಬಿಡುತ್ತಿದ್ದ. “ಅಕ್ಕಾ, ಬೇಗ ಬನ್ನಿ. ಅಳಿಲು ಬಿದ್ದಿದ್ದಾನೆ.”

ಕೆಲಸ ಮುಗಿಸಿ, ಬೀಳದ ಹಾಗೆ ಕಟ್ಟಿಕೊಂಡಿದ್ದ ಬೆಲ್ಟಿನ ಕೊಂಡಿಯನ್ನು ಒಂದು ಕಡೆಯಿಂದ ಬಿಚ್ಚಿ ಇನ್ನೊಂದು ಕಡೆಗೆ ಹಾಕುವ ಗಳಿಗೆಯಲ್ಲಿ ಗಾಳಿ ಅವನನ್ನು ತಳ್ಳಿತ್ತು. ನೆಲದವರೆಗೆ ಬೀಳಲಿಲ್ಲ. ಟ್ಯಾಂಕಿನ ನಡುಮಟ್ಟದಲ್ಲಿ ಸುತ್ತಲೂ ಇದ್ದ ಕಟ್ಟೆ ಅವನನ್ನು ತಡೆದಿತ್ತು. ಅದೊಂದೇ ಪುಣ್ಯ. ತೊಡೆಯ ಮೂಳೆಯೂ ಸೊಂಟವೂ ಮುರಿದಿದ್ದವು.

ಆಸ್ಪತ್ರೆಯ ಕಾರಿಡಾರಿನಲ್ಲಿ ಬೆಂಚಿನ ತುದಿಯಲ್ಲಿ ಕೂತು ಅವಳು ಆ ಮಧ್ಯಾಹ್ನ ದೂರು ಹೇಳಿದವರು ಯಾರು ಯಾರು ಎಂದು ನೆನಪಿಸಿಕೊಂಡಳು. ಯಾರ ಮನೆಯಲ್ಲೂ ಕಾಯಿಲೆಯಿರಲಿಲ್ಲ, ಪರೀಕ್ಷೆಯಿರಲಿಲ್ಲ, ಆಪತ್ತಿರಲಿಲ್ಲ. ಒಬ್ಬರ ಮನೆಯಲ್ಲಿ ಸಿನಿಮಾ ನಿಂತಿತ್ತು. ಇನ್ನೊಬ್ಬರು ಮಗುವಿಗೆ ಊಟ ಮಾಡಿಸಲು ಕಾರ್ಟೂನ್ ಬೇಕು ಎಂದಿದ್ದರು. ಅಷ್ಟಕ್ಕೆ ಅವಳು ‘ಐದು ನಿಮಿಷದ ಕೆಲಸ’ ಎಂದಿದ್ದಳು. ಇನ್ನೂ ಒಂದು ವಿಷಯ ಅವಳನ್ನು ಕೊರೆಯಿತು. ಚುಕ್ಕೆ ಹಸಿರಾದಾಗ ತಾನು ಹಿಗ್ಗಿದ್ದೆನಲ್ಲ, ಅವನು ಬೀಳುತ್ತಿದ್ದದ್ದು ಆಗಲೇ.

ಗಂಡ ಟ್ಯಾಂಕರನ್ನು ಡೇರಿಯ ಅಂಗಳದಲ್ಲೇ ಬಿಟ್ಟು ಓಡಿಬಂದ. ತಮ್ಮನನ್ನು ನೋಡಿ ಹೊರಗೆ ಬಂದವನು ಅವಳ ಪಕ್ಕ ಕೂತು, “ನಿನ್ನ ತಪ್ಪೇನಿದೆ ಇದ್ರಲ್ಲಿ? ಗಾಳಿ. ಯಾರ ಕೈಲಿದೆ ಅದು?” ಎಂದ. ಅವಳು ತಲೆಯಾಡಿಸಿದಳು. ಹತ್ತು ಎಂದದ್ದು ತಾನೇ ಎಂದು ಹೇಳಲಿಲ್ಲ. ಬಂದವರೆಲ್ಲ ಅದನ್ನೇ ಹೇಳಿದರು: ಗಾಳಿ, ಗ್ರಹಚಾರ. ಕಾಲಿಗೆ ಕಬ್ಬಿಣದ ಸರಳು ಹಾಕಿದ ಡಾಕ್ಟರು, “ನಡೀತಾನೆ. ಆದ್ರೆ ಹತ್ತೋ ಕೆಲಸ ಇನ್ನು ಮರೆತುಬಿಡಿ” ಎಂದರು. ಮಂಪರಿನಿಂದ ಎಚ್ಚೆತ್ತ ಅಳಿಲು ಕೇಳಿದ ಮೊದಲ ಪ್ರಶ್ನೆ, “ಲಿಂಕ್ ಹೇಗಿದೆ ಅತ್ತಿಗೆ?”

ಲಿಂಕ್ ಚೆನ್ನಾಗಿತ್ತು. ಅಂಥ ಗುರಿ ಅವನು ಹಿಂದೆಂದೂ ಹಿಡಿದಿರಲಿಲ್ಲ. ಎಷ್ಟೋ ದಿನಗಳವರೆಗೆ ಆ ಚುಕ್ಕೆ ಕೆಂಪಾಗಲೇ ಇಲ್ಲ. ಅವಳಿಗೆ ಆ ಹಸಿರನ್ನು ನೋಡಲಾಗುತ್ತಿರಲಿಲ್ಲ.

ಅವನನ್ನು ಮನೆಗೆ ತಂದ ಮೇಲೆ ಅವಳು ಸೇವೆಗೆ ನಿಂತಳು. ಸ್ನಾನಕ್ಕೆ ಬಿಸಿನೀರು, ಹೊತ್ತುಹೊತ್ತಿಗೆ ಮಾತ್ರೆ, ಬೆನ್ನಿಗೆ ದಿಂಬು. ಅವನು ಮಗ್ಗುಲಾದರೆ ಅವಳು ಬಾಗಿಲಲ್ಲಿ. ಅತ್ತೆ ನೋಡಿ ನೋಡಿ ಅಕ್ಕಪಕ್ಕದವರ ಮುಂದೆ ಹೊಗಳತೊಡಗಿದರು. “ಸೊಸೆ ಅನ್ಬೇಡಿ ಇವಳನ್ನ. ನಾನು ಹೆತ್ತಿದ್ರೂ ಇಷ್ಟು ಮಾಡ್ತಿರ್ಲಿಲ್ಲ.” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇವಳ ಪಾಡು ಅದಕ್ಕಿಂತ ಕೆಟ್ಟದ್ದು. ಯಾರೂ ಕಳ್ಳಿ ಎನ್ನುತ್ತಿರಲಿಲ್ಲ, ಎಲ್ಲರೂ ದೇವತೆ ಎನ್ನುತ್ತಿದ್ದರು, ಹೆಗಲು ಉರಿಯುತ್ತಲೇ ಇತ್ತು.

ಒಂದು ಬೆಳಗ್ಗೆ ಅತ್ತೆ ಒಗೆದ ಬಟ್ಟೆ ಮಡಿಸುತ್ತ ಮತ್ತೆ ಅದೇ ಮಾತು ತೆಗೆದರು. ಅವಳಿಗೆ ತಡೆಯಲಾಗಲಿಲ್ಲ.

“ಅತ್ತೆ, ಹಾಗನ್ಬೇಡಿ. ಅವನು ಆ ರೇಡಿಯೋ ಬೇಡ ಅಂದಿದ್ದ. ಗಾಳಿಗೆ ನಿಲ್ಲಲ್ಲ ಅಂದಿದ್ದ. ನಾನೇ ಹಾಕ್ಸಿದ್ದು. ಅವತ್ತೂ ಗಾಳಿ ಇದೆ, ಆಮೇಲೆ ಹತ್ತೀನಿ ಅಂದ. ನಾನೇ ಹತ್ತು ಅಂದೆ.”

ಅತ್ತೆಯ ಕೈ ನಿಂತಿತು. ಮಡಿಸುತ್ತಿದ್ದದ್ದು ಅಳಿಲಿನದೇ ಅಂಗಿ. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಅವಳ ಮುಖವನ್ನೇ ನೋಡಿದರು. ಉಳಿದ ಬಟ್ಟೆಯನ್ನು ಹಾಗೇ ಬಿಟ್ಟು ಎದ್ದು ಒಳಗೆ ಹೋದರು. ಅವತ್ತೂ ಮರುದಿನವೂ ಅವಳ ಜೊತೆ ಒಂದು ಮಾತಿಲ್ಲ. ತಟ್ಟೆ ಮುಂದಿಡುವುದು, ತೆಗೆಯುವುದು, ಅಷ್ಟೇ. ಮೂರನೆಯ ದಿನ ಕಚೇರಿಯ ಕೋಣೆಯ ಬಾಗಿಲಿಗೆ ಬಂದು ನಿಂತರು. ಆ ಕೋಣೆಗೆ ಅವರು ಬರುತ್ತಿದ್ದದ್ದೇ ಅಪರೂಪ.

“ಆ ಡಬ್ಬಿ ಇನ್ನೂ ಮೇಲೇ ಇದ್ಯಾ?”

“ಇದೆ ಅತ್ತೆ.”

“ಕೆಟ್ರೆ ಯಾರು ಹತ್ತೋದು?”

“ಯಾರನ್ನಾದ್ರೂ ಕರೀಬೇಕು.”

“ಯಾರನ್ನಾದ್ರೂ ಅಂದ್ರೆ ಯಾರನ್ನ? ಇನ್ಯಾವಳೋ ಹೆತ್ತ ಮಗನ್ನ ತಾನೇ?”

ಅಷ್ಟು ಹೇಳಿ ಹೊರಟುಹೋದರು. ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ದಿನ ತನ್ನ ಪಾಪ ತನ್ನ ಮನೆಯೊಳಗಿನದು ಎಂದುಕೊಂಡಿದ್ದಳು. ಈಗ ನೆನಪಾಯಿತು: ಅವಳ ಮಾತು ನಂಬಿ ಬಿಳಿ ರೇಡಿಯೋ ತರಿಸಿದವರು ಇನ್ನೂ ಇದ್ದಾರೆ. ಗಡಿಯಾರದವರ ಪೆಟ್ಟಿಗೆ ಈಗಷ್ಟೇ ಬಂದಿರಬೇಕು. ಅಲ್ಲಿ ಹತ್ತುವುದು ಅವರ ಮಗಳು.

ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಸ್ಕೂಟರ್ ತೆಗೆದುಕೊಂಡು ಹೊರಟಳು.

ಕೆರೆದಡದ ಊರಿನ ಕಬ್ಬಿಣದ ಗೋಪುರ ದೂರದಿಂದಲೇ ಕಂಡಿತು. ಅದರ ನೆತ್ತಿಯ ಹತ್ತಿರ ಒಂದು ಆಕೃತಿ. ಹತ್ತಿರ ಬಂದಾಗ ಬಿಳಿಯ ತಟ್ಟೆಯೂ ಕಂಡಿತು. ಕೂಗಲು ಬಾಯಿ ತೆರೆದವಳು ಮುಚ್ಚಿದಳು. ಮೇಲಿರುವವರನ್ನು ಕೂಗಿ ಬೆಚ್ಚಿಸಬಾರದು ಎಂದು ಅಳಿಲು ಹೇಳುತ್ತಿದ್ದ. ಗಡಿಯಾರದವರು ಕೆಳಗೆ ಹಗ್ಗ ಹಿಡಿದು ನಿಂತಿದ್ದರು. ಅವಳನ್ನು ನೋಡಿ ಮುಖ ಅರಳಿಸಿದರು. “ಬನ್ನಿ ಬನ್ನಿ, ಒಳ್ಳೇ ಹೊತ್ತಿಗೆ ಬಂದ್ರಿ. ಮೈದುನ ಹೇಗಿದ್ದಾರೆ?”

“ಮೊದ್ಲು ಮಗಳು ಇಳೀಲಿ” ಎಂದಳು ಅವಳು. ಅವರು ಏನೂ ಅರ್ಥವಾಗದೆ ನೋಡಿದರು.

ಮಗಳು ಇಳಿದು, ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಳ್ಳುವವರೆಗೆ ಅವಳು ಗೋಪುರದ ಕಾಲನ್ನು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ಹೇಳಿದಳು. “ಇದನ್ನ ಇಲ್ಲಿ ಹಾಕ್ಬೇಡಿ. ನಾನು ತಪ್ಪು ಹೇಳ್ದೆ.”

“ನೀವೇ ಅಲ್ವಾ ಗೋಡೆ ಮೇಲೆ ಚಿತ್ರ ಬಿಟ್ಟು ತೋರ್ಸಿದ್ದು? ಎಲ್ಲಾದ್ರಲ್ಲೂ ಇದೇ ಮುಂದು ಅಂದ್ರಿ” ಎಂದರು ಗಡಿಯಾರದವರು.

“ಎಲ್ಲಾದ್ರಲ್ಲೂ ಮುಂದೇ. ಆದ್ರೆ ಗಾಳಿ ಬಂದ್ರೆ ಗುರಿ ತಪ್ಪುತ್ತೆ, ಮತ್ತೆ ಮತ್ತೆ ಹತ್ಬೇಕಾಗುತ್ತೆ. ನಮ್ಮ ಅಳಿಲು ಆಗ್ಲೇ ಹೇಳಿದ್ದ. ನಾನು ಅದನ್ನ ನಿಮಗ್ಯಾರಿಗೂ ಹೇಳ್ಲಿಲ್ಲ.”

ಗಡಿಯಾರದವರ ಮುಖ ಬಾಡಿತು. “ಅವರು ಗಾಳಿಗೆ ಬಿದ್ರು ಅಂತ ಕೇಳಿದ್ವಿ.”

“ಗಾಳಿ ತಳ್ತು. ಹತ್ಸಿದ್ದು ನಾನು.”

ಗಡಿಯಾರದವರು ಮಗಳ ಕಡೆ ನೋಡಿದರು, ಗೋಪುರದ ನೆತ್ತಿಯ ಕಡೆ ನೋಡಿದರು, ಮತ್ತೆ ಮಗಳ ಕಡೆ ನೋಡಿದರು. ಮಾತು ಹೊರಟಾಗ ಅದರಲ್ಲಿ ಹಿಂದಿನ ಆದರವಿರಲಿಲ್ಲ. “ನಾವು ನಿಮ್ಮನ್ನ ಕೇಳಿದ್ದು ಯಾಕೆ ಹೇಳಿ? ಮಾರೋರು ಮುಚ್ಚಿಡ್ತಾರೆ, ನೆಟ್ಟಕ್ಕ ಮುಚ್ಚಿಡಲ್ಲ ಅಂತ.” ಆ ಹೆಸರು ಅವಳ ಕಿವಿಯಲ್ಲಿ ಮುಳ್ಳಿನಂತೆ ಚುಚ್ಚಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಗಳೇ ಕೊನೆಗೆ, “ಅಪ್ಪ, ಬಂದು ಹೇಳಿದ್ರಲ್ಲ, ಬಿಡಿ” ಎಂದು ಬಿಳಿಯದನ್ನು ಇಳಿಸಲು ಇನ್ನೊಮ್ಮೆ ಮೇಲೇರಿದಳು. ಆ ಹತ್ತುವಿಕೆಯೂ ನೆಟ್ಟಕ್ಕನ ಲೆಕ್ಕಕ್ಕೇ ಸೇರಿತು.

ಉಳಿದವರಿಗೆ ಅವಳು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲೇ ಹೇಳಿದಳು. ಕೆಲವರು ಅಯ್ಯೋ ಎಂದರು. ಒಬ್ಬರು ಕುರ್ಚಿ ಹಿಂದಕ್ಕೆ ತಳ್ಳಿ, “ನಮ್ಮ ಹುಡುಗರು ಇಷ್ಟು ದಿನ ಹತ್ತಿ ಇಳೀತಾ ಇದ್ರಲ್ಲ, ಅವಾಗ ಎಲ್ಲಿದ್ರಿ?” ಎಂದು ಎದ್ದುಹೋದರು. ಅವರು ಮತ್ತೆ ಯಾವತ್ತೂ ಆ ಕೂಟಕ್ಕೆ ಬರಲಿಲ್ಲ. ಅವರದು ತಪ್ಪೆಂದು ಅವಳಿಗೆ ಅನಿಸಲಿಲ್ಲ.

ತನ್ನ ಟ್ಯಾಂಕಿನ ಬಿಳಿಯದನ್ನೂ ಅವಳು ಗಾಳಿಯಿಲ್ಲದ ಬೆಳಗೊಂದನ್ನು ನೋಡಿ ಪೇಟೆಯಿಂದ ಕರೆಸಿದವರಿಂದ ಇಳಿಸಿಬಿಟ್ಟಳು. ಹಳೆಯದು ಮತ್ತೆ ಮೇಲೇರಿತು. ಫೋನುಗಳಲ್ಲಿ ಬೈಗುಳ ಶುರುವಾಯಿತು. ಬೈಸಿಕೊಳ್ಳುವುದರಲ್ಲಿ ಅವಳಿಗೆ ಒಂದು ಬಗೆಯ ಹಿತವೇ ಇತ್ತು.

ಆದರೆ ಮನೆಯೊಳಗೆ ಏನೋ ಕೆಡುತ್ತಲೇ ಇತ್ತು. ಅಳಿಲು ಊರುಗೋಲು ಹಿಡಿದು ಏಳುವ ಹೊತ್ತಿಗೆ ಅವಳು ಓಡಿಬಂದು ತೋಳು ಹಿಡಿಯುತ್ತಿದ್ದಳು. ಬಂದವರು ಅವನನ್ನು ಹೇಗಿದ್ದೀಯ ಎಂದರೆ ಉತ್ತರ ಅವಳದು. ಅವನು ಕಚೇರಿಗೆ ಬಂದು ಕೂರುತ್ತೇನೆ ಎಂದರೆ, “ಬೇಡಪ್ಪ, ನಿಂಗ್ಯಾಕೆ ಕಷ್ಟ” ಎನ್ನುತ್ತಿದ್ದಳು. ಅವನ ತಮಾಷೆ ದಿನದಿಂದ ದಿನಕ್ಕೆ ಬತ್ತಿತು. ಒಂದು ದಿನ ಅವನು ಬಚ್ಚಲಿನಿಂದ ಒಬ್ಬನೇ ಬರುತ್ತಿದ್ದಾಗ ಅವಳು ಎಂದಿನಂತೆ ಓಡಿಬಂದು ಕೈ ಹಿಡಿದಳು. ಅವನು ಕೊಸರಿ ಬಿಡಿಸಿಕೊಂಡ. ಗೋಡೆಗೆ ಒರಗಿ ನಿಂತ. ಮುಖ ಕೆಂಪಾಗಿತ್ತು.

“ಅತ್ತಿಗೆ, ಒಂದು ಮಾತು ಹೇಳ್ಲಾ? ತಪ್ಪು ನಿಮ್ದೇ. ಬೇಡ ಅಂದೆ, ಕೇಳ್ಲಿಲ್ಲ. ಗಾಳಿ ಇದೆ ಅಂದೆ, ಹತ್ತು ಅಂದ್ರಿ. ನಾನು ಮರ್ತಿಲ್ಲ. ನಂಗೆ ಸಿಟ್ಟೂ ಇದೆ.”

ಅವಳು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಆದ್ರೆ ಬೆಳಗಾದ್ರೆ ನಿಮ್ಮ ಮುಖ ನೋಡ್ಬೇಕಲ್ಲ ನಾನು! ‘ಪರವಾಗಿಲ್ಲ ಅತ್ತಿಗೆ’ ಅಂತ ಸಮಾಧಾನ ಮಾಡೋನೂ ನಾನೇನಾ? ಕಾಲು ಮುರಿದಿದ್ದು ನಂದು, ಅಳೋದು ನೀವು. ನಂಗೆ ಅಳೋಕೂ ಜಾಗ ಬಿಡ್ತಿಲ್ಲ ನೀವು. ಕಾಲು ನಂದು ಅತ್ತಿಗೆ. ಅದನ್ನಾದ್ರೂ ನಂಗೆ ಬಿಡಿ.”

ಹೇಳಿ ಮುಗಿಸುವಷ್ಟರಲ್ಲಿ ಅವನ ಕಣ್ಣು ತುಂಬಿತ್ತು. ಬಿದ್ದ ದಿನದಿಂದ ಅವನು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಅಡುಗೆಮನೆಯಿಂದ ಅತ್ತೆ ಬಂದರು. ಮಗನನ್ನೂ ಸೊಸೆಯನ್ನೂ ನೋಡಿದರು. ಸೊಸೆಗೆ, “ನೀನು ಹೋಗಿ ನಿನ್ನ ಕೆಲಸ ನೋಡು” ಎಂದು ಮಗನ ಪಕ್ಕ ನಿಂತರು. ಅವನನ್ನು ಅಳಲು ಬಿಟ್ಟರು.

ಅವಳು ಕಚೇರಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ವಿಚಿತ್ರವೆಂದರೆ, ಎದೆಯ ಮೇಲಿನ ಭಾರ ಅಂದು ತುಸು ಸರಿದಾಡಿತು. ನಿನ್ನ ತಪ್ಪಿಲ್ಲ ಎಂದು ನೂರು ಜನ ಹೇಳಿದಾಗ ಆಗದ್ದು, ತಪ್ಪು ನಿಮ್ದೇ ಎಂದು ಹೇಳಬೇಕಾದವನೇ ಹೇಳಿದಾಗ ಆಯಿತು.

ಮರುದಿನದಿಂದ ಅವನ ಕುರ್ಚಿ ಕಚೇರಿಗೆ ಬಂತು. ಮೊದಮೊದಲು ಇಬ್ಬರೂ ಕೆಲಸದ ಮಾತಷ್ಟೇ ಆಡುತ್ತಿದ್ದರು. ಹಾಗೆ ಆಡುತ್ತಿದ್ದಾಗಲೇ ಒಂದು ದಿನ ಅವನು, “ನಾವು ರೇಡಿಯೋ ಹತ್ರ ಹೋಗೋದ್ಯಾಕೆ? ರೇಡಿಯೋನೇ ನಮ್ಮ ಹತ್ರ ಬರ್ಲಿ” ಎಂದ. ಟ್ಯಾಂಕಿನ ಹಿಂದೆ ಒಂದು ದಿಬ್ಬವಿತ್ತು. ಅಲ್ಲಿಂದಲೂ ಗೋದಾಮು ಕಾಣುತ್ತದೆ. ದಿಬ್ಬದ ಮೇಲೆ ಬುಡದಲ್ಲಿ ಬಾಗಿಲಿನಂಥ ಕೀಲಿರುವ ಕಂಬ ನೆಟ್ಟರೆ, ಅದನ್ನು ಬಿಗಿದ ಹಗ್ಗ ಸಡಿಲಿಸಿ ಕಂಬವನ್ನೇ ನೆಲಕ್ಕೆ ಮಲಗಿಸಬಹುದು. ನಿಂತಲ್ಲೇ ಕೆಲಸ ಮುಗಿಸಿ ಮತ್ತೆ ಎಬ್ಬಿಸಿ ನಿಲ್ಲಿಸಬಹುದು. ವೆಲ್ಡಿಂಗ್ ಮಾಡುವವನನ್ನು ಕರೆಸಿ ಅಳಿಲೇ ಎದುರು ನಿಂತು ಮಾಡಿಸಿದ. ಆ ಕಂಬಕ್ಕೆ ಬೂದುಬಣ್ಣದ ರೇಡಿಯೋ ಹಾಕಿದರು. ಪೂರ್ತಿ ಒಂದು ಗಾಳಿಗಾಲ ಅದನ್ನು ನೋಡಿದ ಮೇಲೆಯೇ ಅವಳು ಅದರ ಬಗ್ಗೆ ಇತರರ ಮುಂದೆ ಬಾಯಿಬಿಟ್ಟಳು. ಗಡಿಯಾರದವರ ಮಗಳೂ ಬಂದು ನೋಡಿಕೊಂಡು ಹೋಗಿ ಅಂಥದ್ದೇ ಕಂಬ ಮಾಡಿಸಿದಳು. ಗಡಿಯಾರದವರು ಈಗಲೂ ಎದುರಾದರೆ ನಮಸ್ಕಾರ ಎನ್ನುತ್ತಾರೆ, ಮೊದಲಿನ ಹಾಗೆ ನಿಂತು ಮಾತಾಡುವುದಿಲ್ಲ.

ಬಿಳಿಯದನ್ನು ಎಸೆಯಲಿಲ್ಲ. ಶಾಲೆಯ ಎರಡು ಕಟ್ಟಡಗಳ ನಡುವೆ, ಕೈಗೆ ಎಟುಕುವ ಎತ್ತರದಲ್ಲಿ, ಅಲುಗದ ಗೋಡೆಗೆ ಬಿಗಿದರು. ಅಲ್ಲಿ ಅದು ಗಾಳಿಗೂ ಜಗ್ಗದೆ ಮುತ್ತಿನಂತೆ ಕೆಲಸ ಮಾಡುತ್ತಿದೆ. ವೇಗ ಸಾಲದೆಂದು ಕೆಲವು ಮನೆಗಳವರು ಪೇಟೆ ಕಂಪನಿಯ ಕೇಬಲ್ಲಿಗೆ ಹೋದರು. ಕೇಬಲ್ ಮುಟ್ಟದ ಮನೆಗಳವರು ಉಳಿದರು. ಯಾರಾದರೂ ಸಣ್ಣ ವ್ಯಾಪಾರದವರು ಯಾವ ರೇಡಿಯೋ ಒಳ್ಳೆಯದು ಎಂದು ಕೇಳಿಕೊಂಡು ಬಂದರೆ ನೆಟ್ಟಕ್ಕ ವೇಗದ ಮಾತು ಕೊನೆಗೆ ಇಟ್ಟುಕೊಳ್ಳುತ್ತಾಳೆ. ಮೊದಲು ಕೇಳುವುದು, “ನಿಮ್ಮಲ್ಲಿ ಹತ್ತೋರು ಯಾರು? ಅವರನ್ನೂ ಕರ್ಕೊಂಡು ಬನ್ನಿ.”

ಅಳಿಲು ಈಗ ಊರುಗೋಲಿಲ್ಲದೆ ನಡೆಯುತ್ತಾನೆ, ಒಂದು ಕಾಲು ಎಳೆಯುತ್ತದೆ. ಸಂಜೆ ಕೆಲಸ ಮುಗಿಸಿ ಅವನು ಅಡ್ಡಾಡಿ ಬರಲು ಮುಂಬಾಗಿಲ ಮೆಟ್ಟಿಲು ಇಳಿಯುವಾಗ ಅವಳು ಎದ್ದು ಹೋಗುವುದಿಲ್ಲ, ತಿರುಗಿಯೂ ನೋಡುವುದಿಲ್ಲ. ಪರದೆಯ ಕಡೆ ಮುಖ ಮಾಡಿ ಕೂತಿರುತ್ತಾಳೆ. ಒಂದು ಗಟ್ಟಿ ಹೆಜ್ಜೆ, ಒಂದು ಎಳೆಯುವ ಹೆಜ್ಜೆ. ಆ ಸದ್ದು ಬೀದಿಯಲ್ಲಿ ಕರಗುವವರೆಗೆ ಅವಳ ಕೈ ಕೀಬೋರ್ಡಿನ ಮೇಲೆ ಸುಮ್ಮನೆ ಇರುತ್ತದೆ.